ಬಾನೆಟ್ ನೋಡಿ ಹಚ್ಚಿದ ಕುಂಕುಮ

ಬೈಲಹೊಂಗಲದಾಗ ಮೋಟಾರ ಬಣ್ಣ ತಿಕ್ಕಿ ಹೊಳಸೂದ್ರಾಗ ನನ್ನಂಥಾಂವ ಇನ್ನೊಬ್ಬ ಇರಲಿಲ್ಲಂತ ಇವತ್ತಿಗೂ ಹೇಳಕೋತ ತಿರಗತೇನಿ. ಮದುವಿ ಆದ ಮ್ಯಾಲ ಮಿಸ್ತ್ರಿ ಕಡೆ ಕಲಿಯಾಕ ಹ್ವಾದಾಂವ ನಾ. ಮೊದಲನೇ ವಾರದಾಗನ ಮುರಗೋಡದ ಸಾವಕಾರನ ಗಾಡಿ ಮಡ್‌ಗಾರ್ಡ್ ಅಂಚ ಹಂಗ ತಿಕ್ಕಿದೆ, ಕರಿ ಬಣ್ಣ ಹೋಗಿ ತಳದ ಕೆಂಪ ಅಸ್ತರ ಹಲ್ಲ ಕಿಸೀತು. ಗಾಡಿಗೆ ಎಲಿ ಅಡಿಕಿ ತಿನಸೇನ್ರಿ ಅಂದೆ. ಮಿಸ್ತ್ರಿ ನಗಲಿಲ್ಲ. ಅಂಚಿನ್ಯಾಗ ಬಣ್ಣ ತೆಳು ಇರತೈತಿ, ಕೈ ಹಗರ ಇಡು ಅಂತ ನನ್ನ ಕೈ ಹಿಡದ ತೋರಿಸಿದ. ಅವತ್ತಿಂದ ನನಗ ಬಾಗಲಾ ಅಷ್ಟ, ಬಾನೆಟ್ ಅವಂದು.

ಅಂಗಡಿ ಅಂದ್ರ ಅವನ ಮನೀ ಮುಂದಿನ ತಗಡಿನ ಚಪ್ಪರ. ಗಾಡಿ ತಯಾರ ಆತಂದ್ರ ಅವನ ಹೆಣ್ತಿ, ನಾವು ವೈನಿ ಅಂತಿದ್ವಿ, ಹೊರಗ ಬಂದು ಬಾನೆಟ್ಟಿನ್ಯಾಗ ಮಾರಿ ನೋಡಿ ಕುಂಕುಮ ಹಚ್ಚಕೋತಿದ್ರು. ಬೊಟ್ಟ ಹುಬ್ಬಿನ ನಡು ಬಂತಂದ್ರ ಕೆಲಸ ಪಾಸ.

ಆ ವರ್ಷ ವೈನಿಗೆ ಕ್ಷಯ ಹತ್ತಿತು. ಮಾರಿ ಬತ್ತಿ ಎಲವು ಎದ್ದವು. ನೋಡಕೊಂಡ್ರ ಧೈರ್ಯ ಬಿಡತಾರಂತ ಮಿಸ್ತ್ರಿ ಮನ್ಯಾನ ಕನ್ನಡಿ ಮುಚ್ಚಿಟ್ಟ. ವೈನಿಗೆ ಕುಂಕುಮ ಅವರ ಸೊಸಿನ ಹಚ್ಚತಿದ್ಲು.

ಒಂದಿನ ಮಧ್ಯಾಹ್ನ ರಾಮದುರ್ಗದ ಕರಿ ಗಾಡಿ ಮುಗಿಸಿ ನಿಂತಿದ್ವಿ. ಮಿಸ್ತ್ರಿ ಜಿನ್ನಿಂಗ್ ಮಿಲ್ಲಿನ ಹತ್ತಿಲೆ ಉಜ್ಜಿ ಉಜ್ಜಿ ಬಾನೆಟ್ಟಿನ್ಯಾಗ ಮುಗಿಲ ಇಳಿಸಿದ್ದ. ನಾನ ಉಜ್ಜೇನಂತ ಚಹಾದ ಅಂಗಡ್ಯಾಗ ಹೇಳಿ ಬಂದಿದ್ದೆ. ಅಷ್ಟರಾಗ ಗ್ವಾಡಿ ಹಿಡಕೋತ ವೈನಿ ಹೊರಗ ಬಂದ್ರು, ಕೈಯಾಗ ಕುಂಕುಮದ ಭರಣಿ. ಮಿಸ್ತ್ರಿ ನನ್ನ ಮಾರಿ ನೋಡಿದ. ನಾ ಪಾಲಿಶ್ ಡಬ್ಬಿಗೆ ಕೈ ಹಾಕಿ ಬಾನೆಟ್ ತುಂಬ ಬಳದ ಬಿಟ್ಟೆ. ಇನ್ನೂ ಒಂದ್ ಕೈ ಬಾಕಿ ಐತ್ರಿ ವೈನಿ, ನಾಳೆ ಬರ್ರಿ ಅಂದೆ.

ವೈನಿ ಗಾಡೀಗೆ ಒರಗಿ ನಿಂತು ಉಸರ ತಗೊಂಡ್ರು. ನನ್ನ ಹುಡುಗಾಟ ಅವರಿಗೆ ಹೊಸಾದಲ್ಲ. ಗಂಡನ ಕಡೆ ತಿರಗಿ ಅಂದ್ರು: "ಇಷ್ಟ ದಿನಾ ನಿಮ್ಮ ಮಾರಿ ನೋಡಕೋತನ ಕುಂತೇನಲ್ಲ, ಅದರಾಗ ಎಲ್ಲಾ ಕಂಡೈತಿ. ಒರಸ್ರಿ."

ಮಿಸ್ತ್ರಿ ಒರಸಿದ. ಯಾವತ್ತೂ ಒಂದ ಎಳತಕ್ಕ ಒರಸಾಂವ, ಅವತ್ತ ಒರಸಿದ್ದನ್ನ ಮತ್ತ ಮತ್ತ ಒರಸಿದ. ವೈನಿ ಬಗ್ಗಿ ಬಾಳೊತ್ತ ನೋಡಿದ್ರು. ಹಚ್ಚಿದ ಬೊಟ್ಟ ಎಡಕ್ಕ ಸರೀತು.

"ನಡು ಬಂತೇನ್ರಿ?"

ಬಂತು ಅಂದ ಮಿಸ್ತ್ರಿ.

ದೀಪಾವಳಿ ಮುಂದ ವೈನಿ ಹ್ವಾದ್ರು. ಆಮ್ಯಾಲ ಸವದತ್ತೀದು ಬರಲಿ, ಕಿತ್ತೂರದು ಬರಲಿ, ಮಿಸ್ತ್ರಿ ಬಾಗಲಾ ತಿಕ್ಕಾಂವ, ಹಿಂದಿನ ಡಿಕ್ಕಿ ತಿಕ್ಕಾಂವ. ಬಾನೆಟ್ ಮ್ಯಾಲ ಬಗ್ಗಾಕ ಅವನ ಕಡಿಂದ ಆಗತಿರಲಿಲ್ಲ. ಹತ್ತಿ ಉಂಡಿ ನನ್ನ ಕೈಯಾಗ ಇಟ್ಟು ಬೆನ್ನ ತಿರಗಸಾಂವ. ನಾ ಉಸ್ತಾದ ಆಗಿದ್ದು ಹಂಗ.