ತಿರುಗಿದ ಕಲ್ಲಿನ ಮೇಲೆ ನಾನೆಳೆದ ಗೆರೆ

ರುದ್ರಪ್ಪ, ಆ ಕೆಂಪು ಗೆರೆಯನ್ನು ಎಳೆದವನು ನಾನು. ನೀನಲ್ಲ.

ಹರಿಹರದ ಹೊಳೆದಂಡೆಯಲ್ಲಿ ನೀರೆತ್ತುವ ಬಾವಿ ತೋಡುವ ಮುನ್ನ, ನೆಲದಡಿಯ ಬಂಡೆಯ ಪದರಗಳು ಯಾವ ಕಡೆಗೆ ವಾಲಿವೆ ಎಂದು ತಿಳಿಯಬೇಕಿತ್ತು. ಬಾವಿಯ ಕಡೆಗೆ ವಾಲಿದ್ದರೆ ಆ ಗೋಡೆಗೆ ಆಸರೆ ಕಟ್ಟಲೇಬೇಕು. ಅದಕ್ಕೆಂದು ನಾವು ಓರೆಯಾಗಿ ಕೊರೆದು, ಕಲ್ಲಿನ ಉದ್ದುದ್ದ ತುಂಡುಗಳನ್ನು ಹೊರತೆಗೆಯುತ್ತಿದ್ದೆವು. ಕೊಳವೆಯೊಳಗೆ ಕಲ್ಲು ತಿರುಗಿಬಿಡುತ್ತದೆ. ಮೇಲೆ ಬಂದಾಗ ಪದರದ ಓರೆ ಕಾಣುತ್ತದೆ, ದಿಕ್ಕು ಕಾಣದು. ಹೀಗಾಗಿ ಕೊರೆಯುವ ಮೊದಲೇ ಬಣ್ಣದ ಕಡ್ಡಿ ಇಳಿಸಿ ತಳದಲ್ಲಿ ಒಂದು ಚುಕ್ಕೆ ಇಡುತ್ತಿದ್ದೆವು; ಓರೆ ಕುಳಿಯಲ್ಲಿ ಕಡ್ಡಿ ಯಾವಾಗಲೂ ಕೆಳಬದಿಗೇ ತಾಗುವುದರಿಂದ ಆ ಚುಕ್ಕೆ ದಿಕ್ಕು ಹೇಳುತ್ತಿತ್ತು. ಆ ಚುಕ್ಕೆಯಿಂದ ಹೊರಟು, ತುಂಡಿಗೆ ತುಂಡು ಜೋಡಿಸುತ್ತ ಗೆರೆ ಎಳೆಯುವುದು ನಿನ್ನ ಕೆಲಸ. ತುಂಡುಗಳ ಒಡೆದ ಬಾಯಿಗಳು ಒಂದಕ್ಕೊಂದು ಕೂಡದಿದ್ದಲ್ಲಿ ಗೆರೆ ನಿಲ್ಲಬೇಕು.

ಅಂದು ಕೂಡಲಿಲ್ಲ.

"ಕಲ್ಲು ತಿರುಗೈತೆ ಮೇಸ್ತ್ರಿ. ಇನ್ನೊಂದು ಕಡೆ ಕೊರಿಯಾನ್ರಿ" ಎಂದೆ ನೀನು. ನಾನು ಒಪ್ಪದಿದ್ದಾಗ ನೀನು ನಕ್ಕೆ: "ನಿಮ್ಮಷ್ಟು ಹಟ ಕಲ್ಲಿಗೆ ಇದ್ದಿದ್ರೆ ಅದು ತಿರುಗ್ತಾನೇ ಇರ್ಲಿಲ್ಲ ಬಿಡ್ರಿ."

ನೀನು ಊಟಕ್ಕೆ ಹೋದೆ. ನಾನು ಉಳಿದೆ.

ಮೂಡಣ ಗೋಡೆಯ ಪದರಗಳು ಬಾವಿಯ ಕಡೆಗೇ ವಾಲಿವೆ ಎಂದು ಹಳೆಯ ನಕ್ಷೆಯೊಂದು ಹೇಳುತ್ತಿತ್ತು. ಅದು ತಪ್ಪೆಂದು ನಾನು ಎಂಜಿನಿಯರರ ಎದುರು ಸಾರಿಯಾಗಿತ್ತು. ಶಾಲೆ ಬಿಟ್ಟು, ಹಳೆಯ ಪುಸ್ತಕ ಕೊಂಡು ಓದಿ ಕಲಿತವನು ನಾನು. ಕಲಿತವರು ಬರೆದದ್ದನ್ನು ಸುಳ್ಳು ಮಾಡುವ ಸುಖ ನನಗೆ ಅನ್ನಕ್ಕಿಂತ ರುಚಿ. ಕೆಳಗಿನ ತುಂಡನ್ನು ಹಿಡಿದು ತಿರುಗಿಸಿದೆ — ಪದರ ನನಗೆ ಬೇಕಾದತ್ತ ವಾಲುವವರೆಗೆ. ಒಡೆದ ಬಾಯಿಯನ್ನು ಅರದಿಂದ ಉಜ್ಜಿ ಕೂಡಿಸಿದೆ. ಗೆರೆ ಎಳೆದೆ.

ನನ್ನ ಗೆರೆ ನಂಬಿ ಬಾವಿ ತೋಡಿದರು; ಆಸರೆ ಕಟ್ಟಲಿಲ್ಲ. ಗೋಡೆ ಹಾಳೆ ಹಾಳೆಯಾಗಿ ಜಾರಿತು. ಅಡಿಯಲ್ಲಿದ್ದವನು ಹಾಲೇಶಿ, ನಿನ್ನ ಹೆಂಡತಿಯ ತಮ್ಮ. ಅವನ ಕಾಲನ್ನು ತೊಡೆಯವರೆಗೆ ಕತ್ತರಿಸಬೇಕಾಯಿತು. ಇದನ್ನೂ ಹೇಳಿಬಿಡುತ್ತೇನೆ — ಧೂಳು ಇಳಿದಾಗ ನಾನು ಮೊದಲು ನೋಡಿದ್ದು ಅವನನ್ನಲ್ಲ, ಬರಿದಾದ ಬಂಡೆಯನ್ನು. ನಕ್ಷೆ ಸರಿಯಾಗಿತ್ತು.

ವಿಚಾರಣೆಯಲ್ಲಿ, ಗೆರೆ ಎಳೆದವರು ಯಾರೆಂದು ಕೇಳಿದರು. "ನಾನಲ್ರಿ" ಎಂದೆ ನೀನು, ನನ್ನತ್ತ ನೋಡಿದೆ.

"ಗೆರೆ ಎಳಿಯೋದು ರುದ್ರಪ್ಪನ ಕೆಲ್ಸ ಐತ್ರಿ" ಎಂದೆ ನಾನು.

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅಷ್ಟು ಜಾಣತನ ನನಗಿತ್ತು.

ಆಮೇಲೆ ಯಾವ ಕೊರೆಯುವ ತಂಡವೂ ನಿನ್ನನ್ನು ಕರೆಯಲಿಲ್ಲ. ನೀನು ಗುತ್ತೂರಿನ ಕಾರ್ಖಾನೆಯಲ್ಲಿ ಮೂಟೆ ಹೊತ್ತೆ. ಅದೇ ಊರಿನ ತವರುಮನೆಯ ಹೊಸ್ತಿಲನ್ನು ನಿನ್ನ ಹೆಂಡತಿ ಇಂದಿಗೂ ತುಳಿದಿಲ್ಲ. ತಮ್ಮನ ಕಾಲು ತಿಂದವನ ಹೆಂಡತಿ ಎಂದು ಅವಳನ್ನು ಹೊರಗಿಟ್ಟಿದ್ದಾರೆ. ನಾನು ಮಾತ್ರ ದಾವಣಗೆರೆಯ ವಿದ್ಯಾನಗರದಲ್ಲಿ ಕಾಲೇಜು ಹುಡುಗರನ್ನು ಕೂಡಿಸಿಕೊಂಡು, ಯಾರು ಹೇಳಿದ್ದನ್ನೂ ಪರೀಕ್ಷಿಸದೆ ನಂಬಬೇಡಿ ಎಂದು ಬೋಧಿಸುತ್ತ ಬಂದೆ. ನನ್ನನ್ನು ಪರೀಕ್ಷಿಸುವ ಧೈರ್ಯ ಅವರಿಗೂ ಬರಲಿಲ್ಲ, ನನಗೂ —

ನಾಳೆ ಗುತ್ತೂರಿಗೆ ಬರುತ್ತೇನೆ. ಮೊದಲು ನಿನ್ನ ಮನೆಗಲ್ಲ. ನೀನು "ಆತು ಬಿಡ್ರಿ ಮೇಸ್ತ್ರಿ" ಎಂದುಬಿಡುವೆ. ಆ ಮಾತಿಗೆ ಆಸೆಪಡುವ ಯೋಗ್ಯತೆ ನನಗಿಲ್ಲ. ಗೆರೆ ನನ್ನದೆಂದು ಹೇಳಲು ಹಾಲೇಶಿಯ ಬಾಗಿಲಿಗೆ ಹೋಗುತ್ತೇನೆ. ಅವನು ಹಾಗೆನ್ನಲಾರ.