ಒಂದ ಗುಂಡಿಗೆ ಎದ್ದ ಎರಡು ಶಟರ್

ಆಗ ನನಗ ನಲವತ್ತಾರು. ಅದಾಗಿ ಇಪ್ಪತ್ತೆರಡು ವರ್ಸ ಆತು. ಬ್ಯಾರೆ ಯಾವ ವರ್ಸದ್ದೂ ನನಗ ಇಷ್ಟು ಬರೋಬ್ಬರಿ ನೆನಪಿಲ್ಲ. ಆ ವರ್ಸದತನಕ ಅಕಿ ನನ್ನ ಬಾಜೂಕ ಕುಂಡ್ರತಿದ್ಲು, ಆಮ್ಯಾಲ ಕುಂಡ್ರಲಿಲ್ಲ.

ಅಕಿ ಅಂದ್ರ ನನ್ನ ಗೆಳತಿ. ಸತ್ತಿಲ್ಲ. ಅರಕೇರ್ಯಾಗ ತಮ್ಮನ ಮನ್ಯಾಗ ಅದಾಳ ಅಂತ ಕೇಳೇನಿ. ಅರಕೇರಿಗೆ ಬಸ್ ಹೋಗತೈತಿ. ನಾ ಹೋಗಿಲ್ಲ.

ಇಬ್ಬರೂ ಟಿಕೋಟಾದವರು. ಅಕಿ ಮನಿ ಮಸೂತಿ ಓಣ್ಯಾಗ, ನಂದು ಅದರ ಹಿಂದಿನ ಓಣ್ಯಾಗ. ಮೊದಲ ಇಬ್ಬರೂ ಮಣೂಕ ಶೆಡ್ಡಿನ್ಯಾಗ ಕೆಲಸ ಮಾಡತಿದ್ವಿ. ತಾಡಪತ್ರಿ ಮ್ಯಾಲ ಎದುರಾಬದರ ಕುಂತು ಒಣದ್ರಾಕ್ಷಿ ಆರಸೂದು. ಕಡ್ಡಿ ಒಂದ ಕಡೆ, ಕರೀದು ಒಂದ ಕಡೆ, ಹಳದಿ ಒಂದ ಕಡೆ. ಗಂಧಕದ ಹೊಗಿಗೆ ಕಣ್ಣು ಉರೀತಿದ್ವು. ಸಂಜಿಕ ಏಳಬೇಕಾದ್ರ ಒಬ್ಬರ ಕೈ ಒಬ್ಬರು ಜಗ್ಗಬೇಕು. ಅಕಿ ನನ್ನ ಜಗ್ಗುವಾಗ ದಿನಾ ಅದ ಮಾತು ಅಂತಿದ್ಲು: "ಏಳಕ್ಕಾ, ನಿನ್ನ ಎಬ್ಬಸಾಕ ಇನ್ನ ಕ್ರೇನ ತರಸಬೇಕು."

ಕ್ರೇನ ಬರಲಿಲ್ಲ, ಮೋಟಾರ ಬಂತು. ಬಿಜಾಪುರದಾಗ ಒಬ್ಬರು ರೇಡಿಯೋ, ಟೇಪ್ ರಿಪೇರಿ ಮಾಡತಿದ್ರು. ಆಗ ನಾವೆಲ್ಲಾ ಬಿಜಾಪುರನ ಅಂತಿದ್ವಿ, ವಿಜಯಪುರ ಅನ್ನೂದು ಬೋರ್ಡಿಗೆ ಆಮ್ಯಾಲ ಬಂತು. ಅವರು ಒಬ್ಬ ಡಾಕ್ಟರ ಮನಿ ಕಾರಿನ ಶೆಡ್ಡಿಗೆ ಮೋಟಾರ ಹಚ್ಚಿ, ಕಾರಿನ್ಯಾಗ ಕುಂತ ಗುಂಡಿ ಒತ್ತಿದ್ರ ಬಾಗಲ ತಾನ ಏಳೂವಂಗ ಮಾಡಿದ್ರು. ಅದನ್ನ ನೋಡಿ ನಮ್ಮ ಶೆಡ್ಡಿನ ಸಾವಕಾರ ತನಗೂ ಬೇಕಂದ. ಮಣೂಕಕ್ಕ ಕಳ್ಳರ ಕಾಟ ಭಾಳ. ಶಟರಿಗೆ ಮೋಟಾರ, ಅದರ ಜೋಡಿ ಯಾರರ ಬಾಗಲ ಮೀಟಿದ್ರ ಸಾವಕಾರನ ಮನ್ಯಾಗ ಒದರೂ ಒಂದು ಗಂಟಿ. ನಡುವ ತಂತಿನ ಇಲ್ಲ. ಊರ ಮಂದಿ ಎಲ್ಲಾ ಬಂದು, ತಂತಿ ಎಲ್ಲೆರ ಮುಚ್ಚಿ ಇಟ್ಟಾರೇನು ಅಂತ ನೆಲಾ ಬಗ್ಗಿ ನೋಡಿ ಹೋದ್ರು.

ಅದನ್ನ ಹಚ್ಚಾಕ ಬಂದ ರೇಡಿಯೋದವರು ನಮ್ಮ ಕೈಬಟ್ಟು ನೋಡಕೋತ ನಿಂತರು.

"ಏನ್ ಬೇ ಯವ್ವಾ, ಇಷ್ಟು ಲಗೂನ ಕಡ್ಡಿ ಹೆಂಗ ಆರಸ್ತೀರಿ?"

"ಆರಸಲಿಲ್ಲಂದ್ರ ಸಾವಕಾರ ನಮ್ಮನ್ನ ಆರಸಿ ಒಗೀತಾನ್ರಿ," ಅಂದ್ಲು ಅಕಿ.

ಅವರು ನಕ್ಕರು. ತಮ್ಮಲ್ಲೆ ಸಣ್ಣ ಸಣ್ಣ ಸಾಮಾನು ಪಟ್ಟಿ ಮ್ಯಾಲ ಇಟ್ಟು, ಕಾದ ಕಡ್ಡೀಲೆ ಸೀಸಾ ಕರಗಿಸಿ ಬೆಸಿಗಿ ಹಾಕೂ ಕೆಲಸ ಐತಿ, ಬರತೀರೇನು ಅಂತ ಕೇಳಿದ್ರು. ಆಮ್ಯಾಲ ಕೇಳಿದ್ರು, "ಅಕ್ಷರ ಬರತಾವಲ್ಲ ಇಬ್ಬರಿಗೂ?"

ನಾ ಬಾಯಿ ತಗಿಯೂದರಾಗ ಅಕಿ ಅಂದ್ಲು, "ನಾ ಏಳನೇತ್ತಾ ಕಲತೇನ್ರಿ. ಅಕ್ಕ ನಾಕನೇತ್ತಾ."

ನಾ ಸಾಲಿ ಬಾಗಲದಾಗ ಕಸಾ ಹೊಡದಾಕಿ. ಒಳಗ ಹೋದಾಕಿ ಅಲ್ಲ.

ಹಿಂಗ ನಾವು ದಿನಾ ಬಸ್ ಹತ್ತಿ ಬಿಜಾಪುರಕ್ಕ ಹೋಗಾಕ ಹತ್ತಿದ್ವಿ. ರೇಡಿಯೋ ಅಂಗಡಿ ಹಿಂದಿನ ಒಂದ ಖೋಲಿ ಅಷ್ಟ ಆಗಿನ ಕಂಪನಿ. ಒಂದು ಉದ್ದನ ಮೇಜು, ನಾಕು ಕುರ್ಚಿ. ನಲವತ್ನಾಕು ವರ್ಸದಾಗ ನಾ ಕುರ್ಚಿ ಮ್ಯಾಲ ಕುಂತ ಕೆಲಸ ಮಾಡಿದ್ದು ಅದ ಮೊದಲು. ಈಗಿನವರಿಗೆ ಇದು ಏನೂ ಅನಸೂದಿಲ್ಲ. ಮೊಣಕಾಲು ಮಡಚದಂಗ ದಿನಾ ಕಳೀತು ಅಂದ್ರ ಏನು ಅನ್ನೂದು ನೆಲದ ಮ್ಯಾಲ ಕುಂತು ದುಡದವರಿಗೆ ಗೊತ್ತು. ಬೆಸಿಗಿ ಹೊಗಿ ಗಂಧಕದ ಹೊಗಿಯಂಗ ಕಣ್ಣು ತಿಂತಿರಲಿಲ್ಲ. ನನ್ನ ಬೆಸಿಗಿ ಛಲೋ ಬೀಳತಿತ್ತು, ಸಾಬೂದಾಣಿ ಕಾಳಿನಂಗ ದುಂಡಗ. ರೇಡಿಯೋದವರ ಈಗ ನಮ್ಮ ಮಾಲಕರು, ಅವರು ಬ್ಯಾರೇದವರಿಗೆ ನಂದನ್ನ ತೋರಸತಿದ್ರು. ನಾ ಆ ಶೆಡ್ಡಿಗೆ ತಿರಗಿ ಹೋಗೂದಿಲ್ಲ ಅಂತ ಆಗಲೇ ಗಟ್ಟಿ ಮಾಡಿದ್ದೆ. ಏನ ಆಗಲಿ, ತಿರಗಿ ಹೋಗೂದಿಲ್ಲ.

ತೊಂದ್ರಿ ಇದ್ದದ್ದು ಕಟ್ಟಕಡೀ ಕೆಲಸದಾಗ. ರಿಮೋಟಿನ ಒಳಗ ಎಂಟು ಸಣ್ಣ ಕಡ್ಡಿ ಇರತಿದ್ವು, ಉಗುರಿನಿಂದ ಮ್ಯಾಲ ಕೆಳಗ ಸರಸೂವಂಥಾವು. ಬಾಗಲದ ಡಬ್ಬಿ ಒಳಗೂ ಅಂಥಾವ ಎಂಟು. ಎರಡೂ ಒಂದ ನಮೂನಿ ಹಾಕಿದ್ರ ಆ ರಿಮೋಟು ಆ ಬಾಗಲಾ ತಗೀತೈತಿ. ಪ್ರತಿ ಜೋಡಿಗೆ ನಮೂನಿ ಬ್ಯಾರೆ ಇರಬೇಕು. ಅದಕ್ಕ ಮಾಲಕರು ಗ್ವಾಡಿಗೆ ಒಂದು ಹಾಳಿ ಹಚ್ಚಿದ್ರು, ಸಾಲಿಗೆ ಸಾಲು ಒಂದು, ಸೊನ್ನಿ, ಒಂದು, ಸೊನ್ನಿ. ಒಂದು ಸೊನ್ನಿ ನನಗೂ ತಿಳೀತಿತ್ತು. ಆದ್ರ ನಂದು ಎಷ್ಟನೇ ಸಾಲು ಅನ್ನೂದು ಹೆಂಗ ತಿಳೀಬೇಕು? ಕಣ್ಣು ಕೆಳಗ ಇಳಿಸಿ ಮತ್ತ ಎತ್ತೂದರಾಗ ಸಾಲು ತಪ್ಪತಿತ್ತು. ಮೊದಲು ನಾಕು ದಿನ ಅಕಿನ್ನ ಕೇಳಿದೆ. ಅಕಿ ತೋರಿಸಿದ್ಲು. ಆಮ್ಯಾಲ ಬ್ಯಾರೆ ಹೆಣ್ಣಮಕ್ಕಳೂ ಕೆಲಸಕ್ಕ ಬಂದ್ರು. ಅವರ ಮುಂದ ಕೇಳಾಕ ನನಗ ನಾಚಿಕಿ ಆತು. "ಈಗ ತಿಳೀತು ಬಿಡು," ಅಂದುಬಿಟ್ಟೆ.

ತಿಳಿದಿರಲಿಲ್ಲ. ನಾ ಕೌದಿ ಹೊಲಿಯೂ ಲೆಕ್ಕದಾಗ ಹಾಕಿದೆ. ಕೌದಿ ಅಂಚಿಗೆ ಸೂಜಿ ಮ್ಯಾಲ, ಸೂಜಿ ಕೆಳಗ. ಎರಡು ಮ್ಯಾಲ ಒಂದು ಕೆಳಗ, ಇಲ್ಲಾ ಮೂರು ಮ್ಯಾಲ ಎರಡು ಕೆಳಗ. ನಮ್ಮವ್ವ ಕಲಿಸಿದ ಅಂಚು ನನಗ ಐದು ಬರತಿದ್ವು. ಕಡ್ಡಿನೂ ಮ್ಯಾಲ ಕೆಳಗ, ಸೂಜಿನೂ ಮ್ಯಾಲ ಕೆಳಗ. ರಿಮೋಟಿಗೊಂದು, ಬಾಗಲದ ಡಬ್ಬಿಗೆ ಅದ ಅಂಚು. ಗುಂಡಿ ಒತ್ತಿ ನೋಡಿದ್ರ ಡಬ್ಬಿ ಬರೋಬ್ಬರಿ ಒದರತಿತ್ತು. ಮತ್ತೇನು ಬೇಕು ಅಂದಕೊಂಡೆ.

ಯಾವ ಜೋಡಿಗೆ ಯಾವ ನಮೂನಿ ಹಾಕೇವಿ ಅಂತ ಬರಿಯೂ ಪುಸ್ತಕದಾಗ ನನ್ನ ಹಾಳಿ ಅಕಿನ ತುಂಬತಿದ್ಲು. ಹಾಳಿಗೆ ಹೆಸರು ಬರೀತಿರಲಿಲ್ಲ, ಅಕ್ಷರನ ಗುರ್ತು. ಊಟದ ಹೊತ್ತಿನ್ಯಾಗ, ಯಾರಿಗೂ ಕಾಣದಂಗ, ಗ್ವಾಡಿ ಹಾಳಿ ನೋಡಿ ಸಾಲು ಸಾಲು ಇಳಸತಿದ್ಲು. ನಾ ಹಾಳಿ ನೋಡೇ ಹಾಕೇನಿ ಅಂತ ಅಕಿ ನಂಬಿದ್ಲು. ನನ್ನ ಡಬ್ಬಿ ಬಿಚ್ಚಿ ನೋಡಲಿಲ್ಲ. ಬಸ್ಸಿನ್ಯಾಗ ನಾವು ಕೆಲಸದ ಮಾತು ಆಡತಿರಲಿಲ್ಲ. ಅಕಿ ಸೊಸಿ ಮ್ಯಾಲಿನ ಸಿಟ್ಟು ಎಲ್ಲಾ ಹೇಳತಿದ್ಲು, ನಾ ನನ್ನ ಗಂಡನ ಕೆಮ್ಮಿನ ಬಗ್ಗೆ ಹೇಳತಿದ್ದೆ. ನನ್ನ ಊಟದ ಡಬ್ಬ್ಯಾಗಿನ ಶೇಂಗಾ ಹಿಂಡಿ ಅರ್ಧ ಅಕಿಗೆ. ರಂಜಾನದಾಗ ಅಕಿ ಉಪವಾಸ ಇದ್ದರ ನಾನೂ ಡಬ್ಬಿ ಬಿಚ್ಚತಿರಲಿಲ್ಲ. ಭಕ್ತಿ ಅಲ್ಲ, ಒಬ್ಬಾಕಿನ ಉಣ್ಣಾಕ ರುಚಿ ಹತ್ತತಿರಲಿಲ್ಲ.

ಎರಡು ವರ್ಸದಾಗ ಟಿಕೋಟಾ, ಬಬಲೇಶ್ವರ, ಕಳ್ಳಕವಟಗಿ, ಎಲ್ಲೆಲ್ಲಿ ಮಣೂಕ ಗೋದಾಮು ಇದ್ವೊ ಅಲ್ಲೆಲ್ಲಾ ನಮ್ಮ ಡಬ್ಬಿ ಹೋದ್ವು. ಒಂದ ಖೋಲಿ ಮೂರು ಖೋಲಿ ಆತು.

ಈಗ ಇಟ್ಟಂಗಿಹಾಳದ ಕಡೆ ದೊಡ್ಡ ಕಾರಖಾನಿ ಐತಿ. ಗೇಟು ಗಾಡಿ ನೋಡಿ ತಾನ ಸರೀತೈತಿ. ಸೊಲ್ಲಾಪುರ, ಪುಣೆ, ಹೈದರಾಬಾದ ಎಲ್ಲಾ ಕಡೆ ಬಂಗಲೆಗಳ ಕಾರಿನ ಬಾಗಲಕ್ಕ, ಅಂಗಡಿಗೆ, ಗೋದಾಮಿಗೆ ಅಲ್ಲಿಂದ ಸಾಮಾನು ಹೋಗತಾವ. ನೀಲಿ ಕೋಟು ಹಾಕಿದ ಹುಡಿಗ್ಯಾರು ಮಷಿನಿನ ಮುಂದ ನಿಂತಿರತಾರ. ಬೆಸಿಗಿ ಮಷಿನ್ ಹಾಕತೈತಿ. ಕಡ್ಡಿ ಇಲ್ಲ. ಒಳಗ ಒಂದು ಚಿಪ್, ಒತ್ತಿದ ಪ್ರತಿ ಸಲ ತನ್ನ ಸಂಕೇತ ತಾನ ಬದಲ ಮಾಡಕೊಳತೈತಿ. ಹೋದ ವರ್ಸತನಕ ಹುಡಿಗ್ಯಾರ ಕೆಲಸಾ ತಪಾಸ ಮಾಡಾಕ ನನ್ನ ಇಟಗೊಂಡಿದ್ರು. ಈಗ ದಸರಾದಾಗ ಮಷಿನಿಗೆ ಮಾಡೂ ಖಂಡೇಪೂಜಿಗೆ ಕರೀತಾರ, ಸೀರಿ ಉಡಸತಾರ. ಮಾಲಕರು ಪ್ರತಿ ವರ್ಸ ಅದ ಕತಿ ಹೇಳತಾರ: ಬಬಲೇಶ್ವರದಾಗ ಎರಡು ಶಟರ್ ಎದ್ದದ್ದು, ಒಬ್ಬ ಹೆಣ್ಣಮಗಳ ತಪ್ಪಿನಿಂದ ತಾವು ಚಿಪ್ಪಿನ ಹಿಂದ ಬಿದ್ದದ್ದು, ಆ ತಪ್ಪು ಆಗಲಿಲ್ಲಂದ್ರ ಕಂಪನಿ ಇಷ್ಟು ಬೆಳೀತಿರಲಿಲ್ಲ ಅನ್ನೂದು. ಹುಡಿಗ್ಯಾರು ನಗತಾರ, ಚಪ್ಪಾಳಿ ಹೊಡೀತಾರ. ನಾನೂ ಹೊಡೀತೇನಿ. ಯಾರು ಆ ಹೆಣ್ಣಮಗಳು ಅಂತ ಒಬ್ಬರೂ ಕೇಳಿಲ್ಲ.

ಅಕ್ಷರ ನಾ ಆಮ್ಯಾಲ ಕಲತೆ. ಅಕಿ ಬರದ ಹಳೇ ಪುಸ್ತಕ ನೋಡಿ ನೋಡಿ ಕಲತೆ. ಅದಕ ನನ್ನ ಅಕ್ಷರ ಅಕಿ ಅಕ್ಷರದಂಗ ಎಡಕ್ಕ ಬಾಗಿರತಾವ. ಇದನ್ನ ಬರಿಯುವಾಗಲೂ ಬಾಗ್ಯಾವ.

ಆ ದಿನದ್ದು ಹೇಳತೇನಿ.

ಬಬಲೇಶ್ವರದ ಪ್ಯಾಟ್ಯಾಗ ಎದುರಾಬದರ ಇಬ್ಬರು ಮಣೂಕ ವ್ಯಾಪಾರಿಗಳು. ಒಬ್ಬರ ಮುಖ ಒಬ್ಬರಿಗೆ ಆಗೂದಿಲ್ಲ. ಒಬ್ಬಾಂವ ನಮ್ಮಲ್ಲೆ ಶಟರ್ ಮೋಟಾರ ತಗೊಂಡ ಅಂತ ಹಟಕ್ಕ ಇನ್ನೊಬ್ಬನೂ ತಗೊಂಡ. ಮುಂಜಾನೆ ಒಬ್ಬಾಂವ ಅಂಗಡಿ ಮುಂದ ನಿಂತು ಗುಂಡಿ ಒತ್ಯಾನ. ಅವನ ಶಟರ್ ಎದ್ದೈತಿ. ಬೆನ್ನ ಹಿಂದ ವೈರಿ ಶಟರೂ ಎದ್ದೈತಿ. ಮಧ್ಯಾಹ್ನ ಆಗೂದರಾಗ ಇಬ್ಬರೂ ಒಂದ ಜೀಪಿನ್ಯಾಗ ನಮ್ಮ ಖೋಲಿ ಮುಂದ ಬಂದು ಇಳದ್ರು.

"ನನ್ನ ಗೋದಾಮು ಇಂವ ತಗದಾನ್ರಿ!"

"ನಾ ಎಲ್ಲಿ ತಗದ್ನಿ ಮಾರಾಯಾ? ನಾ ಒತ್ತಿದ್ದು ನನ್ನ ಗುಂಡಿ. ನಿನ್ನ ಬಾಗಲಕ್ಕ ನನ್ನ ಕಂಡು ಎದ್ದು ನಿಲ್ಲೂ ಬುದ್ಧಿ ಬಂದೈತಿ, ನಿನಗ ಬಂದಿಲ್ಲ."

"ನೋಡ್ರಿ, ನೋಡ್ರಿ ಹೆಂಗ ಮಾತಾಡತಾನ!"

ಮಾಲಕರು ಇಬ್ಬರ ರಿಮೋಟೂ ಇಸಗೊಂಡು ನಮ್ಮ ಮೇಜಿನ ಮ್ಯಾಲ ಇಟ್ಟು ಬಿಚ್ಚಿದ್ರು. ನಾ ಕುಂತಲ್ಲಿಂದನ ನೋಡಿದೆ. ಎರಡರಾಗೂ ಎರಡು ಮ್ಯಾಲ, ಒಂದು ಕೆಳಗ, ಎರಡು ಮ್ಯಾಲ, ಒಂದು ಕೆಳಗ, ಕಡೀಕ ಎರಡು ಮ್ಯಾಲ. ನಮ್ಮವ್ವನ ಅಂಚು. ಮಾಲಕರು ಪುಸ್ತಕ ತಗದ್ರು. ಪುಸ್ತಕದಾಗ ಎರಡೂ ಬ್ಯಾರೆ ಬ್ಯಾರೆ ಇದ್ವು.

"ಈ ಅಕ್ಷರ ಯಾರದ್ದು?"

ಅಕಿ ಎದ್ದು ನಿಂತ್ಲು.

"ನಂದ್ರಿ."

"ಬರದದ್ದು ಒಂದು, ಹಾಕಿದ್ದು ಒಂದು. ಯಾಕ?"

ಅಕಿ ನನ್ನ ಕಡೆ ನೋಡಿದ್ಲು. ಅಕಿಗೆ ಆಗಲೇ ಎಲ್ಲಾ ತಿಳಿದಿತ್ತು. ನಾ ಕೌದಿ ಹೊಲಿಯೂದು ಅಕಿ ನೋಡ್ಯಾಳ, ನಾ ಹೊಲದ ಕೌದಿ ಅಕಿ ಮನ್ಯಾಗ ಐತಿ. ನಾ ಬೆಸಿಗಿ ಹಾಕೂ ಕಾದ ಕಡ್ಡಿ ತುದಿ ನೋಡಕೋತ ಕುಂತೆ.

"ತಪ್ಪಾತ್ರಿ," ಅಂದ್ಲು ಅಕಿ.

"ಮಂದಿ ನಮ್ಮನ್ನ ನಂಬಿ ಬಾಗಲಾ ನಮ್ಮ ಕೈಯಾಗ ಕೊಡತಾರವ್ವಾ. ಇದು ಕುಂಬಳಕಾಯಿ ವ್ಯಾಪಾರ ಅಲ್ಲ. ನಾಳಿಯಿಂದ ಬರಬ್ಯಾಡ್ರಿ." ಮಾಲಕರು ಒದರಲಿಲ್ಲ. ಒದರಿದ್ರ ಛಲೋ ಇತ್ತು. ಆ ದಿನದಿಂದ ಕಡ್ಡಿ ಹಾಕೂ ಕೆಲಸ ನಾನ ಮಾಡತೇನಿ, ಇನ್ನ ಯಾರೂ ಮುಟ್ಟಬ್ಯಾಡ್ರಿ ಅಂದ್ರು. ಅಂದ್ರ ನನ್ನ ತಪ್ಪು ಇನ್ನ ಯಾರಿಗೂ ಸಿಗೂವಂಗಿರಲಿಲ್ಲ.

ಸಂಜಿಕ ಒಂದ ಬಸ್ಸಿನ್ಯಾಗ ತಿರಗಿ ಬಂದ್ವಿ. ತೊರವಿ ದಾಟಿದಮ್ಯಾಲ ಅಕಿ ಕೇಳಿದ್ಲು, "ಅಕ್ಕಾ, ಅಂಚು ಎಷ್ಟ ಬರತಾವ ನಿನಗ?"

"ಐದು."

"ಐದಾ?" ಅಕಿಗೆ ನಗು ತಡೀಲಿಲ್ಲ. "ಯಪ್ಪಾ, ಐದರಾಗ ಇಡೀ ತಾಲೂಕಿನ ಬಾಗಲಾ ಮುಚ್ಚೀಯಲ್ಲ ಬೇ!" ನಕ್ಕು ನಕ್ಕು ಕಣ್ಣೀರು ಬಂದ್ವು. ಸೆರಗಿನಿಂದ ಒರಸಿಕೊಂಡ್ಲು. ನಾನೂ ನಕ್ಕೆ. ಅಕಿ ಜೋಡಿ ನಕ್ಕದ್ದು ಅದ ಕಡೀದು.

ಇಳಿಯೂ ಮುಂದ ಅಕಿ ಅಂದ್ಲು, "ಮಾಲಕರ ಸಿಟ್ಟು ನಾಳಿ ಮುಂಜಾನಿಗೆ ಇಳದಿರತೈತಿ. ನೀ ಹೋಗಿ ಇದ್ದದ್ದು ಹೇಳಿಬಿಡು. ನಿನ್ನ ಬೆಸಿಗಿ ಅಂದ್ರ ಅವರಿಗೆ ಭಾಳ ಸೇರತೈತಿ, ನಿನ್ನ ಬಿಡಸೂದಿಲ್ಲ. ನನ್ನೂ ತಿರಗಿ ಕರೀತಾರ. ನಾ ತಯಾರಾಗಿ ಬಾಗಲದಾಗ ಕುಂತಿರತೇನಿ. ಫೋನು ಕಿರಾಣಿ ಅಂಗಡಿಗೆ ಮಾಡಸು, ಅವರು ಒದರತಾರ."

"ಹ್ಞೂಂ," ಅಂದೆ.

"ಮರೀಬ್ಯಾಡ ಮತ್ತ."

"ಮರಿಯೂದಿಲ್ಲ ಬೇ."

ಮರೀಲಿಲ್ಲ. ಅಕಿ ತಿರಗಿ ಮಣೂಕ ಶೆಡ್ಡಿಗೆ ಹೋದ್ಲು, ಕೆಲವು ವರ್ಸ ಆದಮ್ಯಾಲ ಅರಕೇರಿಗೆ. ನಡುವ ಒಂದು ಲಗ್ನದಾಗ ಸಿಕ್ಕಿದ್ಲು. "ಊಟಾತೇನಕ್ಕಾ?" ಅಂದ್ಲು. "ಆತು," ಅಂದೆ. ಬೈದಿದ್ರ ನಾ ಅಕಿ ಕಾಲ ಮ್ಯಾಲ ಬೀಳತಿದ್ದೆನೇನೊ. ಬೈಲಿಲ್ಲ. ಬಸ್ಸಿನ್ಯಾಗ ಬಾಜೂಕ ಯಾರರ ಬಂದು ಕುಂತರ ಈಗಲೂ ಮೊದಲ ಅವರ ಕೈ ನೋಡತೇನಿ, ಬಟ್ಟಿನ ತುದಿಗೆ ಸುಟ್ಟ ಕಲಿ ಅದಾವೇನು ಅಂತ.

ಮರುದಿನ ಮುಂಜಾನೆ ನಾ ಲಗೂನ ಎದ್ದೆ. ರೊಟ್ಟಿ ಮಾಡಿದೆ, ಶೇಂಗಾ ಹಿಂಡಿ ನನಗಷ್ಟ ಕಟಗೊಂಡೆ. ಮಸೂತಿ ಓಣಿ ಬಿಟ್ಟು ಹಿಂದಿನ ಹಾದಿಲೆ ಸುತ್ತ ಹಾಕಿ ಸ್ಟ್ಯಾಂಡಿಗೆ ಹೋಗಿ ಮೊದಲನೇ ಬಸ್ ಹತ್ತಿದೆ. ಖೋಲ್ಯಾಗ ಇನ್ನ ಯಾರೂ ಬಂದಿರಲಿಲ್ಲ. ಮಾಲಕರು ಬಾಗಲಾ ತಗದು ನನ್ನ ನೋಡಿದ್ರು.

"ಏನವ್ವಾ, ಇಷ್ಟು ಲಗೂನ? ಏನರ ಹೇಳೂದೈತೇನು?"

"ಏನಿಲ್ರಿ," ಅಂದೆ.

ಅಕಿ ಕುರ್ಚಿ ಕಿಡಕಿ ಬಾಜೂಕಿತ್ತು, ಅಲ್ಲೆ ಬೆಳಕು ಛಲೋ ಬೀಳತಿತ್ತು. ನಾ ಅದರ ಮ್ಯಾಲ ಕುಂತು ಬೆಸಿಗಿ ಕಡ್ಡಿ ಕಾಯಾಕ ಇಟ್ಟೆ.