ಹುಳದ ಮನೆಯ ಗಾಳಿ

ಅಕ್ಕ ಶ್ರೀನಿವಾಸಪುರದ ಗಂಡನ ಮನೆಯಿಂದ ವಾಪಸು ಬಂದಾಗ ಅವಳ ಎಡ ಮಣಿಕಟ್ಟು ಊದಿಕೊಂಡಿತ್ತು. ನೀರಿನ ತೊಟ್ಟಿಯ ಹತ್ತಿರ ಜಾರಿದೆ ಎಂದಳು. ಅಮ್ಮ ಅರಿಸಿನ ಅರೆದು ಹಚ್ಚಿದಳು, ಏನೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಜಡೆ ಹಾಕಿಕೊಡುವಾಗ ಅವಳ ಕತ್ತಿನ ಹಿಂದೆ ಬೆರಳಿನ ಗುರುತುಗಳನ್ನು ಕಂಡೆ. ಕಂಡದ್ದನ್ನು ಮಾತ್ರ ಬರೆಯುತ್ತಿದ್ದೇನೆ. ಆ ಮನೆಯೊಳಗೆ ನಡೆದದ್ದನ್ನು ನಾನು ಕಂಡಿಲ್ಲ.

ನಮ್ಮದು ಬೈರಕೂರಿನ ಪಕ್ಕದ ಹಳ್ಳಿ. ಆ ಮದುವೆ ಮಾಡಿಸಿದವರು ಅಮ್ಮನ ಅಣ್ಣ. ಅವರು ಬಂದು ಜಗಲಿಯ ಮೇಲೆ ಕೂತು, ಮನೆಯಲ್ಲಿ ಇನ್ನೊಬ್ಬಳು ಮದುವೆಗೆ ಇದ್ದಾಳೆ, ದೊಡ್ಡವಳು ಹೀಗೆ ತವರಿಗೆ ಬಂದು ಕೂತರೆ ಹೆಣ್ಣು ಕೇಳಿಕೊಂಡು ಯಾರು ಬರುತ್ತಾರೆ ಎಂದರು. ಆ ಇನ್ನೊಬ್ಬಳು ನಾನು. ಅಪ್ಪ, ಅವಳ ಅನ್ನ ಅವಳೇ ದುಡಿದುಕೊಂಡರೆ ಯಾರೂ ಏನೂ ಅನ್ನುವ ಹಾಗಿಲ್ಲವಲ್ಲ ಎಂದ. ಮಾವ ಕೂಡಲೇ ಒಪ್ಪಲಿಲ್ಲ. ಈ ಬೇಸಿಗೆ ಕಳೆಯಲಿ, ಅಷ್ಟರಲ್ಲಿ ಅವಳ ಕಾಲ ಮೇಲೆ ಅವಳು ನಿಂತರೆ ಸರಿ, ಇಲ್ಲವಾದರೆ ನಾನೇ ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಟ್ಟು ಬರುತ್ತೇನೆ ಎಂದು ಎದ್ದರು.

ಅಕ್ಕ ಮದುವೆಗೆ ಮುಂಚೆ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದಳು. ಮುಳಬಾಗಿಲಿನ ಒಂದು ಪ್ರೆಸ್ಸಿನವರು ಲಗ್ನಪತ್ರಿಕೆಗಳ ಕೆಲಸ ಕೊಡಲು ಒಪ್ಪಿದರು. ಮನೆಯಲ್ಲೇ ಟೈಪ್ ಮಾಡಿ ಫ್ಲಾಪಿಗೆ ಹಾಕಿಕೊಡಬೇಕು. ಅಪ್ಪ ಕೋಲಾರದಿಂದ ಒಂದು ಹಳೆಯ ಕಂಪ್ಯೂಟರ್ ಕೊಂಡು ತಂದ. ಅದನ್ನು ಇಟ್ಟದ್ದು ಹುಳದ ಮನೆಯಲ್ಲಿ. ಹಿಪ್ಪುನೇರಳೆ ಕಿತ್ತು ಮಾವು ಹಾಕಿದ ಮೇಲೆ ರೇಷ್ಮೆ ಹುಳ ಸಾಕುವುದು ನಿಂತು, ಶೀಟಿನ ಮಾಡಿನ ಆ ಉದ್ದನೆಯ ಕೋಣೆ ಖಾಲಿ ಬಿದ್ದಿತ್ತು. ಹೊಸ ಹುಳ ತರುವ ಮುಂಚೆ ಹೇಗೋ ಹಾಗೆಯೇ ಅಪ್ಪ ಅದನ್ನು ಅಣಿಮಾಡಿದ. ನೆಲ ತೊಳೆದ, ಗೋಡೆಗೆ ಸುಣ್ಣ ಬಳಿದ, ಹೊಸ್ತಿಲ ಒಳಗೂ ಮೇಜಿನ ಸುತ್ತಲೂ ಸುಣ್ಣದ ಪುಡಿ ಉದುರಿಸಿದ. ಹುಳಕ್ಕೆ ರೋಗ ತಗಲದಿರಲೆಂದು ಮಾಡುತ್ತಿದ್ದ ಕೆಲಸ ಅದು. ಇದಕ್ಕೆ ಯಾವ ರೋಗ ಬರುತ್ತದಪ್ಪ ಎಂದು ಅಕ್ಕ ನಕ್ಕಳು. ತವರಿಗೆ ಬಂದ ಮೇಲೆ ಅವಳು ಮೊದಲ ಸಲ ನಕ್ಕದ್ದು ಆಗಲೇ.

ಮಾರ್ಚ್ ಕಾಲಿಟ್ಟಿತು. ಮಧ್ಯಾಹ್ನವಾದರೆ ಕಂಪ್ಯೂಟರ್ ತಾನಾಗಿಯೇ ಆರಿಹೋಗತೊಡಗಿತು. ಅರ್ಧ ಮಾಡಿದ್ದ ಪತ್ರಿಕೆ ಮಾಯವಾಗುತ್ತಿತ್ತು. ಅಕ್ಕ ಅದು ತಣ್ಣಗಾಗುವ ತನಕ ಕಾದು, ವಧೂವರರ ಹೆಸರಿನಿಂದ ಮತ್ತೆ ಶುರುಮಾಡುತ್ತಿದ್ದಳು. ಕೆಲಸ ತಡವಾಯಿತು. ಪ್ರೆಸ್ಸಿನ ಯಜಮಾನರು ಒಂದು ದಿನ, "ಪತ್ರಿಕೆ ಮದುವೆಗೆ ಬೇಕಮ್ಮ, ಸೀಮಂತಕ್ಕಲ್ಲ" ಎಂದರಂತೆ.

ಕಂಪ್ಯೂಟರಿನ ಡಬ್ಬವನ್ನು ಹಾಸಿಗೆ ವಸ್ತ್ರದಲ್ಲಿ ಸುತ್ತಿ, ಅಪ್ಪ, ಅಕ್ಕ, ನಾನು ಬಸ್ಸಿನಲ್ಲಿ ಕೋಲಾರಕ್ಕೆ ಹೋದೆವು. ಅಂಗಡಿಯವನು ಬಿಚ್ಚಿ ನೋಡಿ, ಪ್ರೊಸೆಸರಿನ ಮೇಲಿನ ಪುಟ್ಟ ಫ್ಯಾನ್ ಸವೆದಿದೆ, ಅದನ್ನು ಬದಲಾಯಿಸಬೇಕು, ಜೊತೆಗೆ ಡಬ್ಬದ ಹಿಂಬದಿಗೆ ಇನ್ನೊಂದು ಫ್ಯಾನ್ ಹಾಕಬೇಕು ಎಂದ. ಹಲವು ಫ್ಯಾನುಗಳನ್ನು ಗಾಜಿನ ಮೇಜಿನ ಮೇಲೆ ಹರಡಿದ. ನೀಲಿ ದೀಪ ಹತ್ತುವುದನ್ನು ಅಪ್ಪ ಎತ್ತಿ ನೋಡದೆ ಪಕ್ಕಕ್ಕೆ ಸರಿಸಿದ. ತಾಮ್ರದ ಅಡಿ ಇದ್ದದ್ದನ್ನು ಅಂಗೈಯಲ್ಲಿ ತೂಗಿ, ಇಷ್ಟು ಭಾರ ಹಾಕಿದರೆ ಒಳಗಿನ ಹಲಗೆ ಬಾಗುತ್ತದೆ ಎಂದ. ಉಳಿದವನ್ನು ಒಂದೊಂದಾಗಿ ಕರೆಂಟಿಗೆ ಸಿಕ್ಕಿಸಲು ಹೇಳಿ, ಪ್ರತಿಯೊಂದರ ಮುಂದೆಯೂ ಅಂಗೈ ಹಿಡಿದು ಕಣ್ಣು ಮುಚ್ಚಿದ. ಹುಳದ ಮನೆಯ ಕಿಟಕಿಗಳ ಹತ್ತಿರವೂ ಹೀಗೆಯೇ ಕೈ ಹಿಡಿದು ಗಾಳಿ ನೋಡುತ್ತಿದ್ದ. ಕೊನೆಗೆ ಹಿಂಬದಿಗೆ ಎಲ್ಲಕ್ಕಿಂತ ಜೋರಾಗಿ ಬೀಸುವುದನ್ನು ಆರಿಸಿದ.

"ಇದು ಬಿಸಿ ಗಾಳೀನ ಹೊರಕ್ಕೆ ಎಳೀತದೆ ಯಜಮಾನ್ರೇ" ಎಂದ ಅಂಗಡಿಯವನು.

"ಹೊರಕ್ಕೆ ಯಾಕಯ್ಯ? ತಂಪು ಬೇಕಿರೋದು ಒಳಗಿರೋದಕ್ಕೆ. ಗೋಡೆಗೇನು ಸೆಕೇನಾ?"

"ಇದೇನು ಹುಳ ಅಲ್ಲ, ಮಿಷಿನ್ನು."

"ಬಿಸಿಗೆ ಸಾಯೋದಾದ್ರೆ ಎರಡೂ ಒಂದೇ. ತಿರುಗಿಸಿ ಹಾಕು."

ಅಂಗಡಿಯವನು ಅಕ್ಕನ ಮುಖ ನೋಡಿದ. ಅಪ್ಪ ಹೇಳಿದ ಹಾಗೆ ಮಾಡಿ ಎಂದಳು ಅಕ್ಕ. ಗಾಳಿ ಒಳಕ್ಕೆ ಬೀಸುವ ಹಾಗೆ ಅವನು ಫ್ಯಾನ್ ತಿರುಗಿಸಿ ಕೂಡಿಸಿದ.

ಮನೆಗೆ ಬಂದ ಮೇಲೆ ಅಪ್ಪ ಮೇಜನ್ನು ಕಿಟಕಿಗೆ ಒತ್ತಿಸಿ, ಡಬ್ಬದ ಬೆನ್ನು ಕಿಟಕಿಯ ಕಡೆಗೆ ಬರುವಂತೆ ಮೇಜಿನ ಕೆಳಗೆ ಒಂದು ಮಣೆಯ ಮೇಲೆ ಇಟ್ಟ. ಕಿಟಕಿಗೆ ಗೋಣಿಚೀಲ ಇಳಿಬಿಟ್ಟು, ಬಿಸಿಲು ಏರಿದಂತೆಲ್ಲ ಅದಕ್ಕೆ ನೀರು ಚಿಮುಕಿಸುತ್ತಿದ್ದ. ಬೇಸಿಗೆಯ ಹುಳವನ್ನು ನಮ್ಮ ಕಡೆ ಉಳಿಸಿಕೊಳ್ಳುತ್ತಿದ್ದದ್ದು ಹೀಗೆಯೇ. ಕೋಣೆ ತಂಪಾಯಿತು. ಕಂಪ್ಯೂಟರ್ ಆರುವುದು ನಿಂತಿತು.

ಏಪ್ರಿಲ್ ಪೂರ್ತಿ ಅಕ್ಕ ಟೈಪ್ ಮಾಡಿದಳು. ಪ್ರೆಸ್ಸಿನವರು ಹೆಚ್ಚು ಕೆಲಸ ಕೊಟ್ಟರು. ಅವಳ ಮಣಿಕಟ್ಟು ಸರಿಹೋಗಿತ್ತು, ಕೆಲಸದ ನಡುವೆ ಏನಾದರೂ ಗುನುಗುತ್ತಿದ್ದಳು. ಒಂದು ಮಧ್ಯಾಹ್ನ ಮಾವ ಬಂದವರು ಆ ಕೋಣೆಯ ತಂಪಿಗೆ ಚಾಪೆ ಹಾಸಿಕೊಂಡು ನಿದ್ದೆ ಮಾಡಿದರು. ಎದ್ದ ಮೇಲೆ ಅವಳ ಬೆರಳುಗಳು ಓಡುವುದನ್ನು ನೋಡುತ್ತ ನಿಂತು, ಆಗಲಿ, ನೋಡೋಣ ಎಂದರು. ಅವರು ಅತ್ತ ಹೋದ ಮೇಲೆ ಅಪ್ಪ ಕೋಣೆ ಗುಡಿಸಿ, ಹೊಸದಾಗಿ ಸುಣ್ಣದ ಪುಡಿ ಉದುರಿಸಿದ. ವಾರಕ್ಕೊಮ್ಮೆ ಅದನ್ನು ತಪ್ಪಿಸುತ್ತಿರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಅಕ್ಕ ಗುಂಡಿ ಒತ್ತಿದಳು. ಚಟ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು. ಆಮೇಲೆ ಏನೂ ಆಗಲಿಲ್ಲ.

ಮುಳಬಾಗಿಲಿನ ರಿಪೇರಿಯವರು ಡಬ್ಬದ ಮುಚ್ಚಳ ತೆಗೆದಾಗ ಒಳಗೆಲ್ಲ ಬೆಳ್ಳಗಿತ್ತು. ಒಳಕ್ಕೆ ಬೀಸುವ ಫ್ಯಾನ್ ನೆಲದ ಸುಣ್ಣದ ಪುಡಿಯನ್ನೂ ಗೋಣಿಯ ತೇವವನ್ನೂ ಒಟ್ಟಿಗೆ ಎಳೆದುಕೊಂಡಿತ್ತು. ಪುಡಿ ಕಲಸಿದ ಹಾಗೆ ಮೆತ್ತಿಕೊಂಡು ಗಟ್ಟಿಯಾಗಿತ್ತು. ಅವರು ಸ್ಕ್ರೂಡ್ರೈವರಿನಿಂದ ಕೆರೆದರೆ ಹಕ್ಕಳೆಯಾಗಿ ಎದ್ದಿತು, ಕೆಳಗೆ ತುಕ್ಕು ಕಂಡಿತು. ಬೋರ್ಡು ಹೋಗಿದೆ, ಡಿಸ್ಕ್ ಕೂಡ ಹೋಗಿದೆ ಎಂದರು. ಕೊಡಬೇಕಾಗಿದ್ದ ಪತ್ರಿಕೆಗಳೆಲ್ಲ ಅದರಲ್ಲಿದ್ದವು.

ಅಪ್ಪ ಆ ಹಕ್ಕಳೆಯನ್ನು ಬೆರಳಲ್ಲಿ ಪುಡಿಮಾಡಿ ಮೂಸಿದ.

"ತೊಳೆದ್ರೆ ಹೋಗಲ್ವಾ?" ಎಂದು ಕೇಳಿದ.

ರಿಪೇರಿಯವರು ಮುಚ್ಚಳ ಹಾಕಿದರು.

ಅಲ್ಲಿಂದ ಅಕ್ಕ ನೇರವಾಗಿ ಪ್ರೆಸ್ಸಿಗೆ ಹೋಗಿ, ನಿಮ್ಮ ಕಂಪ್ಯೂಟರಿನಲ್ಲೇ ಕೂತು ಎಲ್ಲವನ್ನೂ ಮತ್ತೆ ಟೈಪ್ ಮಾಡಿಕೊಡುತ್ತೇನೆ ಎಂದು ಕೇಳಿದಳು. ನಾನು ಜೊತೆಗಿದ್ದೆ. ಯಜಮಾನರು ಕೋಪ ಮಾಡಿಕೊಳ್ಳಲಿಲ್ಲ. ಮದುವೆಯವರು ಹೊರಗೆ ಕಾಯುತ್ತಿದ್ದಾರೆ, ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕಾಗುತ್ತದೆ, ಒಪ್ಪಿಸಿದ್ದನ್ನು ಮತ್ತೆ ಕಿತ್ತುಕೊಳ್ಳಲು ಆಗುವುದಿಲ್ಲ ಎಂದರು. ಇನ್ನೊಂದು ಕಂಪ್ಯೂಟರ್ ಕೊಳ್ಳುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಅಪ್ಪ ಮತ್ತೆ ಆ ಕೋಣೆಗೆ ಹೋಗಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಮುಂದೆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಒಂದು ಸಂಜೆ ಅಕ್ಕ ಸೀರೆ ಮಡಿಸುತ್ತಿದ್ದದ್ದು ಕಂಡು, ನನ್ನ ಮದುವೆ ಆಗದಿದ್ದರೂ ಪರವಾಗಿಲ್ಲ, ನೀನು ಹೋಗಬೇಡ ಎಂದೆ.

"ಅದಕ್ಕಲ್ಲ ಕಣೇ" ಎಂದಳು. "ನಾನಿಲ್ಲೇ ಇದ್ರೆ ಅಪ್ಪಂಗೆ ನನ್ನ ಮುಖ ನೋಡ್ದಾಗೆಲ್ಲ ಆ ಸುಣ್ಣಾನೇ ಕಾಣ್ತದೆ. ಸೊರಗಿಹೋಗ್ತಾನೆ."

ಮಾವ ಕರೆಯಲು ಬಂದಾಗ ಅವಳ ಚೀಲ ಸಿದ್ಧವಾಗಿತ್ತು. ಅವರಿಗೆ ಏನೂ ಹೇಳುವ ಪ್ರಮೇಯ ಬರಲಿಲ್ಲ. ಬಿಡು, ಇಲ್ಲೇ ಇರು ಅಂತ ಅವರ ಬಾಯಿಂದಲೂ ಬರಲಿಲ್ಲ.

ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಶ್ರೀನಿವಾಸಪುರದ ಬಸ್ ನಿಂತಿತ್ತು. ಮಾವ ಮೊದಲೇ ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದರು. ಅಕ್ಕ ನಾವು ನಿಂತ ಕಡೆಯ ಕಿಟಕಿಗೆ ಕೂತು, ಹೊರಗೆ ಕೈ ಚಾಚಿ ನನ್ನ ಬೆರಳು ಹಿಡಿದುಕೊಂಡಿದ್ದಳು. ಅಪ್ಪ ತಲೆಯೆತ್ತಿ ಸೂರ್ಯ ಎಲ್ಲಿದ್ದಾನೆಂದು ನೋಡಿದ. ಈ ಕಡೆ ದಾರಿಯುದ್ದಕ್ಕೂ ಬಿಸಿಲು ಹೊಡೆಯುತ್ತದೆ, ಆ ಕಡೆ ನೆರಳಿಗೆ ಹೋಗಿ ಕೂತ್ಕೊಮ್ಮ ಎಂದ. ಅವಳು ಒಂದು ಕ್ಷಣ ಅವನನ್ನು ನೋಡಿ, ನನ್ನ ಬೆರಳು ಬಿಟ್ಟು ಎದ್ದು ಆಚೆ ಬದಿಗೆ ಹೋದಳು. ಬಸ್ ಹೊರಟಾಗ ಈ ಕಡೆಯ ಕಿಟಕಿಗಳಲ್ಲಿ ಬೇರೆ ಬೇರೆ ಮುಖಗಳಿದ್ದವು. ಅವಳದು ನಮಗೆ ಕಾಣಲಿಲ್ಲ.